ತೆಂಗಿನ ಬುಡದ ಅಣಬೆ

ನಮ್ಮ ಸೀಮೆಯಲ್ಲಿ ಅಣಬೆಯ ಮಾತೆತ್ತಿದರೆ ನಗುವವರೇ ಹೆಚ್ಚು. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಳೆ ಬೀಳುವ, ಅದೂ ನೆಚ್ಚಿಕೊಂಡ ದಿನ ಬೀಳದ ನೆಲವಿದು. ಹಗರಿಯ ದಡದ ಬೊಮ್ಮನಹಾಳು, ಕಣೇಕಲ್ಲುಗಳ ಕಡೆ ಮರಳ ದಿಣ್ಣೆಗಳು ಹೊಲಗಳ ಮೇಲೆಯೇ ಸರಿದು ಬರುತ್ತವೆ. ಇಂಥಲ್ಲಿ ಅಣಬೆಗೇನು ಕೆಲಸ, ಅದು ಮಲೆನಾಡಿನವರ ಭಾಗ್ಯವೆಂದು ಜನರ ಎಣಿಕೆ. ಆದರೆ ಎರಡು ದಿನ ಜಡಿ ಹಿಡಿದು, ಮೂರನೆಯ ದಿನ ಬಿಸಿಲು ಬಿದ್ದ ಬೆಳಿಗ್ಗೆ ರಾಯದುರ್ಗದ ಬೆಟ್ಟದ ತಪ್ಪಲಿನಲ್ಲಾಗಲಿ, ಮಡಕಶಿರದ ತೋಟದ ಬದುಗಳಲ್ಲಾಗಲಿ ತುಸು ತಲೆ ತಗ್ಗಿಸಿ ನಡೆದವರಿಗೆ ಸತ್ಯ ತಿಳಿಯುತ್ತದೆ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗ ತಾಲ್ಲೂಕು ಬೇರೆಯಾಗಿ ಆಂಧ್ರಕ್ಕೆ ಸಂದಿತು; 2022ರಲ್ಲಿ ಅನಂತಪುರ ಜಿಲ್ಲೆ ಒಡೆದು ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಈ ಗಡಿಗಳ ಸುದ್ದಿ ಅಣಬೆಗಳಿಗೆ ಇನ್ನೂ ಮುಟ್ಟಿದಂತಿಲ್ಲ.

ಹೆಸರುಗಳಲ್ಲಿಯೂ ಗಡಿ ಕಾಣುವುದಿಲ್ಲ. ನಾವು ನಾಯಿಕೊಡೆ ಎನ್ನುವುದನ್ನು ನೆರೆಮನೆಯ ತೆಲುಗರು ಕುಕ್ಕಗೊಡುಗು ಎನ್ನುತ್ತಾರೆ. ತಮಿಳರಿಗೂ ಅದು ನಾಯಿಯ ಕೊಡೆಯೇ. ಮೂರು ಭಾಷೆಯವರೂ ಸೇರಿ ನಾಯಿಗೇ ಏಕೆ ಕೊಡೆ ಹಿಡಿದರೋ ತಿಳಿಯದು. ತಿನ್ನುವ ಅಣಬೆಗೆ ಮಾತ್ರ ತೆಲುಗಿನಲ್ಲಿ ಮರ್ಯಾದೆಯುಂಟು: ಪುಟ್ಟಗೊಡುಗು. ಪುಟ್ಟವೆಂದರೆ ಹುತ್ತ, ಗೊಡುಗೆಂದರೆ ಕೊಡೆ. ಹುತ್ತದ ಮೇಲೆ ಏಳುವ ಆ ಬಿಳಿಯ ಅಣಬೆಯನ್ನು ನಮ್ಮ ಹಿರಿಯರು ಗುರುತಿಟ್ಟು ಕಿತ್ತು ತಂದು ಸಾರು ಮಾಡಿ ಉಣ್ಣುತ್ತಿದ್ದರು. ಗೆದ್ದಲು ಒಣಗಡ್ಡಿಯನ್ನೂ ಸೌದೆಯನ್ನೂ ತಿಂದು ಹುತ್ತದೊಳಗೆ ಹಾಸಿ, ಅದರ ಮೇಲೆ ಈ ಅಣಬೆಯನ್ನು ಬೆಳೆಸಿ ಉಣ್ಣುತ್ತದೆ. ಗೆದ್ದಲಿನ ತೋಟದ ಫಸಲನ್ನು ನಾವು ಕದ್ದು ತರುತ್ತಿದ್ದೆವೆನ್ನಬೇಕು.

ಆದರೆ ಈ ತಿಂಗಳು ನಾನು ಹೇಳಹೊರಟಿರುವುದು ನೆಲದ ಕೊಡೆಗಳನ್ನಲ್ಲ, ಮರದ ಮೇಲೆ ಬರುವ ಅಣಬೆಗಳನ್ನು. ಅವುಗಳಲ್ಲಿ ಒಂದು ನಮ್ಮೆಲ್ಲರ ಮನೆಯ ಹಿತ್ತಿಲಲ್ಲಿ ಇದೆ, ನೋಡಿದವರು ಕಡಿಮೆ. ಸೌದೆಯ ಒಟ್ಟಿಲಿನಲ್ಲಿ ಹಳೆಯ ಮಾವಿನ ಕೊಂಬೆಯನ್ನೋ ಹುಣಸೆಯ ತುಂಡನ್ನೋ ಹೊರಳಿಸಿ ನೋಡಿ. ಬೆರಳಿನ ಉಗುರಿನಿಂದ ಹಿಡಿದು ಎರಡು ರೂಪಾಯಿ ನಾಣ್ಯದಷ್ಟು ಅಗಲದ, ಬೂದು ಬಿಳುಪಿನ ಪುಟ್ಟ ಬೀಸಣಿಗೆಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಮೇಲ್ಭಾಗದಲ್ಲಿ ಉಣ್ಣೆಯಂಥ ರೋಮ, ಕಾಂಡವಿಲ್ಲ. ತಿರುಗಿಸಿದರೆ ಕೆಳಗೆ ಬೀಸಣಿಗೆಯ ಮಡಿಕೆಗಳಂತೆ ಕಿವಿರುಗಳು. ಒಂದೊಂದು ಕಿವಿರೂ ಉದ್ದಕ್ಕೆ ಎರಡಾಗಿ ಸೀಳಿದೆ. ಅದಕ್ಕೇ ಮಕ್ಕಳಿಗೆ ನಾನು ಇದನ್ನು ಸೀಳುಕಿವಿರಿನ ಅಣಬೆಯೆಂದು ಹೇಳಿಕೊಡುತ್ತೇನೆ. ಶಾಸ್ತ್ರೀಯ ನಾಮ ಸ್ಕಿಜೋಫಿಲ್ಲಮ್ ಕಮ್ಯೂನ್. ಸ್ವೀಡನ್ ದೇಶದ ಎಲಿಯಾಸ್ ಫ್ರೀಸ್ 1815ರಲ್ಲಿ ಇಟ್ಟ ಹೆಸರು. ಅಂಟಾರ್ಕ್ಟಿಕಾ ಒಂದನ್ನು ಬಿಟ್ಟರೆ ಎಲ್ಲ ಖಂಡಗಳಲ್ಲಿಯೂ ಇದು ಉಂಟು. ಮಣಿಪುರದವರು ಇದನ್ನು ಕಂಗ್ಲಾಯೆನ್ ಎಂದು ಕರೆದು ಅಡಿಗೆ ಮಾಡುತ್ತಾರೆ. ನಮಗೆ ಅದು ಒಲೆಗೆ ಹಾಕುವ ಕಸ.

ಈ ಸೀಳು ಏಕೆಂಬುದನ್ನು ತಿಳಿದರೆ ನಮ್ಮಂಥ ಬರಗಾಲದ ಸೀಮೆಯವರಿಗೆ ಇದರ ಮೇಲೆ ಅಭಿಮಾನ ಹುಟ್ಟದಿರದು. ಬಿಸಿಲು ಏರಿದಂತೆ ಸೀಳಿದ ಎರಡು ಭಾಗಗಳೂ ಇತ್ತಲಾಗಿ ಅತ್ತಲಾಗಿ ಸುರುಳಿಗೊಂಡು ಬೀಜದ ಪದರವನ್ನು ಒಳಗೆ ಮುಚ್ಚಿಕೊಳ್ಳುತ್ತವೆ. ಮಳೆ ಬಿದ್ದೊಡನೆ ನೀರು ಹೀರಿ ಬಿಚ್ಚಿಕೊಂಡು, ಕೆಲವು ಗಂಟೆಗಳಲ್ಲಿಯೇ ಬೀಜಕಣಗಳನ್ನು ಉದುರಿಸತೊಡಗುತ್ತವೆ. ಬೇರೆ ಅಣಬೆಗಳು ಒಂದು ಮಳೆಗೆ ಹುಟ್ಟಿ ಒಂದು ಬಿಸಿಲಿಗೆ ಸಾಯುತ್ತವೆ. ಇದು ತಿಂಗಳುಗಟ್ಟಲೆ ಒಣಗಿ ಕಾದಿರುತ್ತದೆ. ಕೆನಡಾದ ವಿನ್ನಿಪೆಗ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ರೆಜಿನಾಲ್ಡ್ ಬುಲ್ಲರ್ ಎಂಬ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇದರ ಒಣಗಿದ ತುಂಡುಗಳನ್ನು ಗಾಜಿನ ನಳಿಗೆಯಲ್ಲಿ ಗಾಳಿ ತೆಗೆದು ಮುಚ್ಚಿಟ್ಟಿದ್ದರು. ಅವರು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, ಮುಚ್ಚಿ ಅರ್ಧ ಶತಮಾನ ಕಳೆದಮೇಲೆ, ತೆರೆದು ನೀರು ಸೋಕಿಸಿದಾಗ ಅವು ಮತ್ತೆ ಜೀವ ತಳೆದುವು. ಶಾಲೆಯಲ್ಲಿ ಇಷ್ಟು ದೊಡ್ಡ ಪ್ರಯೋಗ ಬೇಡ. ಬೇಸಿಗೆಯಲ್ಲಿ ಒಣಗಿದ ಒಂದು ತುಂಡನ್ನು ಒದ್ದೆಯ ಬಟ್ಟೆಯ ಮೇಲಿಟ್ಟು ಊಟದ ಬಿಡುವು ಮುಗಿಯುವವರೆಗೆ ಕಾದರೆ ಸಾಕು. ಕಿವಿರುಗಳು ಬಿಚ್ಚುವುದನ್ನು ಮಕ್ಕಳು ಬರಿಗಣ್ಣಿನಿಂದಲೇ ನೋಡಬಹುದು. ಖರ್ಚಿಲ್ಲದ ಪಾಠ. ನೋಡಿದಮೇಲೆ ಕೈ ತೊಳೆಸಿ. ಇದರ ಬೀಜಕಣಗಳು ಅಪರೂಪವಾಗಿ ಮನುಷ್ಯರ ಮೂಗಿನೊಳಗೂ ಶ್ವಾಸಕೋಶದಲ್ಲಿಯೂ ನೆಲೆಸಿ ತೊಂದರೆ ಕೊಟ್ಟ ಪ್ರಸಂಗಗಳು ವೈದ್ಯರ ದಾಖಲೆಯಲ್ಲಿವೆ.

ಹಿಂದಿನ ಪಠ್ಯಪುಸ್ತಕಗಳಲ್ಲಿ ಅಣಬೆಯು ಹೂವಿಲ್ಲದ ಸಸ್ಯವೆಂದೇ ಇತ್ತು. 1969ರಲ್ಲಿ ಅಮೆರಿಕದ ವಿಟೇಕರ್ ಅವರು ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿ ಶಿಲೀಂಧ್ರಗಳಿಗೆ ಬೇರೆಯದೇ ಒಂದನ್ನು ಕೊಟ್ಟರು. ಅದು ನ್ಯಾಯವೇ. ಅಣಬೆಯಲ್ಲಿ ಪತ್ರಹರಿತ್ತು ಇಲ್ಲ. ತನ್ನ ಅನ್ನವನ್ನು ತಾನು ಬೇಯಿಸಿಕೊಳ್ಳಲಾರದು. ಅದರ ಜೀವಕೋಶದ ಗೋಡೆ ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತುವಿನದು. ನೆಂಟಸ್ತಿಕೆಯನ್ನು ಎಣಿಸಿದರೆ ಅದು ಗಿಡಮರಗಳಿಗಿಂತ ಪ್ರಾಣಿಗಳಿಗೇ ಹತ್ತಿರ.

ಇನ್ನೊಂದು ಸಂಗತಿಯನ್ನು ಮುಖ್ಯವಾಗಿ ಗಮನಿಸಬೇಕು. ನಮ್ಮ ಕಣ್ಣಿಗೆ ಬೀಳುವ ಅಣಬೆಯು ಕೇವಲ ಫಲ. ಮರವೆನ್ನಬಹುದಾದ ಭಾಗವು ಕೊರಡಿನ ಒಳಗೆ, ಮಣ್ಣಿನ ಒಳಗೆ, ಜೇಡನ ನೂಲಿಗಿಂತ ತೆಳುವಾದ ಬಿಳಿಯ ಎಳೆಗಳ ಬಲೆಯಾಗಿ ಹರಡಿರುತ್ತದೆ. ಆ ಎಳೆಗಳು ತಮ್ಮ ಸುತ್ತಣ ಕಟ್ಟಿಗೆಯ ಮೇಲೆ ಜೀರ್ಣರಸವನ್ನು ಸುರಿದು, ಕರಗಿದುದನ್ನು ಹೀರುತ್ತವೆ. ಮರದಲ್ಲಿ ಮುಖ್ಯವಾಗಿ ಎರಡು ಪದಾರ್ಥಗಳುಂಟು: ಸೆಲ್ಯುಲೋಸ್ ಎಂಬ ನಾರು, ಆ ನಾರುಗಳನ್ನು ಬೆಸೆದು ಗಟ್ಟಿ ಮಾಡುವ ಲಿಗ್ನಿನ್ ಎಂಬ ಗಾರೆ. ಕೆಲವು ಅಣಬೆಗಳು ನಾರನ್ನು ತಿಂದು ಗಾರೆಯನ್ನು ಬಿಡುತ್ತವೆ. ಆಗ ಮರ ಕಂದು ಬಣ್ಣಕ್ಕೆ ತಿರುಗಿ ಇಟ್ಟಿಗೆಯ ಚೂರಿನಂತೆ ಚೌಕಚೌಕವಾಗಿ ಒಡೆಯುತ್ತದೆ. ಇನ್ನು ಕೆಲವು ಗಾರೆಯನ್ನೂ ಕರಗಿಸಬಲ್ಲವು. ಆಗ ಉಳಿಯುವುದು ಬಿಳಿಚಿದ, ಹಿಸುಕಿದರೆ ನಾರುನಾರಾಗುವ ತಿರುಳು. ಲಿಗ್ನಿನ್ನನ್ನು ಹೀಗೆ ಪೂರ್ಣವಾಗಿ ಕರಗಿಸುವ ಕೆಲಸದಲ್ಲಿ ಇವುಗಳಿಗೆ ಸಮಾನರಿಲ್ಲ. ಇವು ಇಲ್ಲದಿದ್ದರೆ ಬಿದ್ದ ಮರಗಳು ಬಿದ್ದಲ್ಲಿಯೇ ಬೆಟ್ಟವಾಗಿ ಬೆಳೆಯುತ್ತಿದ್ದುವು.

ಸತ್ತ ಮರವನ್ನು ತಿನ್ನುವವರೆಗೆ ನಮಗೂ ಅವಕ್ಕೂ ಜಗಳವಿಲ್ಲ. ಬದುಕಿರುವ ಮರಕ್ಕೆ ಬಾಯಿ ಹಾಕುವವನೊಬ್ಬನು ಆ ಕುಲದಲ್ಲಿದ್ದಾನೆ. ಈ ಲೇಖನ ಅವನ ಸಲುವಾಗಿಯೇ.

ಹುಣಸೆ, ಬೇವು, ಹೊಂಗೆ, ಜಾಲಿ ಮುಂತಾದ ಹಳೆಯ ಮರಗಳ ಬುಡದಲ್ಲಿ, ಕಡಿದ ಮೋಟುಗಳ ಮೇಲೆ, ಗೋಡೆಗೆ ಹೊಡೆದ ಹಲಗೆಯಂತೆ ಅಡ್ಡಲಾಗಿ ಚಾಚಿಕೊಂಡಿರುವ ಗಟ್ಟಿ ಅಣಬೆಯನ್ನು ಎಲ್ಲರೂ ಕಂಡಿರಬಹುದು. ಮೇಲ್ಭಾಗ ಅರಗು ಬಳಿದಂತೆ ಕೆಂಗಂದು ಬಣ್ಣದಿಂದ ಹೊಳೆಯುತ್ತದೆ. ಅಂಚಿನಲ್ಲಿ ಹಳದಿ, ಕೊನೆಯಲ್ಲಿ ಬಿಳಿ. ಕೆಳಗೆ ಕಿವಿರುಗಳಿಲ್ಲ, ಸೂಜಿಯ ಮೊನೆಯಿಂದ ಚುಚ್ಚಿದಂಥ ಸಣ್ಣ ರಂಧ್ರಗಳು. ಮುರಿದರೆ ಬೆಂಡಿನಂತೆ, ಕೆಲವೊಮ್ಮೆ ಮರದಂತೆಯೇ. ಇದು ಗ್ಯಾನೊಡರ್ಮ. ಗ್ರೀಕ್ ಭಾಷೆಯಲ್ಲಿ ಗ್ಯಾನೋಸ್ ಎಂದರೆ ಹೊಳಪು, ಡರ್ಮ ಎಂದರೆ ಚರ್ಮ. ಇಂಗ್ಲೆಂಡಿನ ವಿಲಿಯಂ ಕರ್ಟಿಸ್ 1781ರಲ್ಲಿ ಇದರ ಒಂದು ಜಾತಿಯನ್ನು ವರ್ಣಿಸಿದರು. ಫಿನ್‌ಲ್ಯಾಂಡಿನ ಕಾರ್ಸ್ಟೆನ್ 1881ರಲ್ಲಿ ಗ್ಯಾನೊಡರ್ಮವೆಂಬ ಕುಲನಾಮವನ್ನಿಟ್ಟರು. ಇದೇ ಕುಲದ, ಹೊಳಪಿಲ್ಲದ ಚಪ್ಪಟೆಯ ಇನ್ನೊಂದು ಜಾತಿಯ ಕೆಳಮೈ ಹೊಸದಾಗಿದ್ದಾಗ ಹಾಲಿನಂತೆ ಬೆಳ್ಳಗಿರುತ್ತದೆ. ಕಡ್ಡಿಯಿಂದ ಗೀರಿದರೆ ಗೀರಿದಲ್ಲಿ ಕಂದು ಮೂಡಿ, ಒಣಗಿದಮೇಲೂ ಅಳಿಯದೆ ನಿಲ್ಲುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದರ ಮೇಲೆ ಚಿತ್ರ ಬರೆಯುವುದು ಒಂದು ಕಲೆಯೇ ಆಗಿದೆ. ಬೀಜಕಣಗಳ ಲೆಕ್ಕ ಹಾಕಿದವರು ಮೇಲೆ ಹೇಳಿದ ಬುಲ್ಲರ್ ಅವರೇ. ಈ ಚಪ್ಪಟೆ ಅಣಬೆಯ ಒಂದು ದೊಡ್ಡ ಹಲಗೆ ದಿನಕ್ಕೆ 3,000 ಕೋಟಿಯಷ್ಟು ಕಣಗಳನ್ನು, ಅದೂ ತಿಂಗಳುಗಟ್ಟಲೆ, ಉದುರಿಸುತ್ತದೆಂದು ಅವರ ಅಂದಾಜು. ಬುಡದ ಸುತ್ತಣ ಎಲೆಗಳ ಮೇಲೆ ಕಾಫಿಯ ಪುಡಿಯಂತೆ ಬಿದ್ದಿರುವ ಕಂದು ಧೂಳನ್ನು ನೋಡಿದವರು ಆ ಲೆಕ್ಕವನ್ನು ಅನುಮಾನಿಸಲಾರರು.

ಮಡಕಶಿರ, ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆಗಳ ಕಡೆ ಅಡಕೆ ತೆಂಗಿನ ತೋಟಗಳಿವೆ. ಪಕ್ಕದ ಶಿರಾ, ಮಧುಗಿರಿಗಳ ತೋಟಗಾರಿಕೆಯ ಸಂಪ್ರದಾಯವೇ ಇಲ್ಲಿಯದೂ. ಅಲ್ಲಿಯ ರೈತರಿಗೆ ಗ್ಯಾನೊಡರ್ಮವೆಂಬ ಹೆಸರು ಬೇಕಿಲ್ಲ. ಕನ್ನಡದಲ್ಲಿ ಅದಕ್ಕೆ ಮೊದಲಿನಿಂದಲೂ ಅಣಬೆ ರೋಗವೆಂದೇ ಹೆಸರು. ಮೈಸೂರಿನ ವಿಜ್ಞಾನಿ ಎಸ್. ವಿ. ವೆಂಕಟರಾಯನ್ ಅವರು ಅಡಕೆ ಮತ್ತು ತೆಂಗಿನ ಮರಗಳಲ್ಲಿ ಈ ಅಣಬೆಯ ಜೀವನಕ್ರಮವನ್ನು ವಿವರವಾಗಿ ಅಭ್ಯಾಸ ಮಾಡಿ 1936ರಲ್ಲಿಯೇ ಅಮೆರಿಕದ ಸಸ್ಯರೋಗ ವಿಜ್ಞಾನದ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ತಮಿಳುನಾಡಿನ ತಂಜಾವೂರು ಸೀಮೆಯಲ್ಲಿ 1952ರ ಚಂಡಮಾರುತದ ತರುವಾಯ ಇದೇ ರೋಗ ತೆಂಗಿನ ತೋಟಗಳನ್ನು ಹಾಳುಗೆಡವಿತು. ಅಲ್ಲಿ ಅದಕ್ಕೆ ತಂಜಾವೂರು ಸೊರಗು ರೋಗವೆಂದು ಹೆಸರಾಯಿತು.

ಮಡಕಶಿರದ ಕಡೆ ನನ್ನ ದೊಡ್ಡಪ್ಪನ ಮಗಳನ್ನು ಕೊಟ್ಟ ಮನೆಯಲ್ಲಿ ನಲವತ್ತು ತೆಂಗಿನ ಮರಗಳ ತೋಟವಿದೆ. ಭಾವನವರ ತಂದೆ ನೆಟ್ಟದ್ದು. ಬಾವಿ ಬತ್ತಿತು, ಕೊಳವೆ ಬಾವಿ ಬಂತು. ಅದೂ ಬತ್ತಿ ಇನ್ನೊಂದು ಬಂತು. ಎರಡು ಬೇಸಿಗೆ ನೀರು ಸಾಲದೆ ಮರಗಳು ಬಳಲಿದುವು. ಮೊದಲು ಒಂದು ಮರದಲ್ಲಿ ಕೆಳಸಾಲಿನ ಗರಿಗಳು ಹಳದಿಗೆ ತಿರುಗಿ, ಕೊಡೆ ಮಡಿಸಿದಂತೆ ಕಾಂಡಕ್ಕೆ ಜೋತುಬಿದ್ದುವು. ನೀರಿನ ಕೊರತೆಯೆಂದು ಭಾವಿಸಿ ಭಾವನವರು ಆ ಮರಕ್ಕೆ ಹೆಚ್ಚು ನೀರು ಬಿಟ್ಟರು. ಬುಡದಿಂದ ಒಂದು ಮೊಳ ಎತ್ತರದಲ್ಲಿ ತೊಗಟೆ ಬಿರಿದು ಕೆಂಗಂದು ರಸ ಸೋರತೊಡಗಿತು. ಸೋರಿಕೆಯ ಕಲೆ ತಿಂಗಳು ತಿಂಗಳಿಗೂ ಮೇಲೇರಿತು. ಎಳೆಗಾಯಿಗಳು ಉದುರಿದುವು, ಹೊಸ ಹೊಂಬಾಳೆ ಬರುವುದು ನಿಂತಿತು, ಸುಳಿಯ ಗರಿಗಳು ಗಿಡ್ಡಾದುವು. ಕೊನೆಗೆ ಒಂದು ಮಳೆಗಾಲದಲ್ಲಿ ಬುಡದಲ್ಲಿ ಹೊಳೆವ ಅಣಬೆ ಮೂಡಿತು. ಅಷ್ಟರಲ್ಲಿ ಅಕ್ಕಪಕ್ಕದ ಎರಡು ಮರಗಳಲ್ಲಿಯೂ ರಸ ಸೋರುತ್ತಿತ್ತು.

ರೋಗದ ಕ್ರಮವೇ ಹೀಗೆ. ಅಣಬೆ ಕಂಡಾಗ ರೋಗ ಆರಂಭವಾಯಿತೆಂದು ತಿಳಿಯುವುದಲ್ಲ. ಅದು ಮುಕ್ತಾಯದ ಚಿಹ್ನೆ. ಎಳೆಗಳು ಬೇರಿನ ಮೂಲಕ ಹೊಕ್ಕು ಬುಡದ ಒಳಭಾಗವನ್ನು ಕೊಳೆಸಿದಮೇಲೆಯೇ ಫಲ ಹೊರಗೆ ಬರುವುದು. ಆದುದರಿಂದ ಮಚ್ಚಿನಿಂದ ಅಣಬೆಯನ್ನು ಹೊಡೆದು ಎಸೆದರೆ ಮರಕ್ಕೆ ಏನೂ ಲಾಭವಿಲ್ಲ, ಮಾವಿನ ಕಾಯಿ ಕಿತ್ತರೆ ಮಾವಿನ ಮರ ಸಾಯದು. ಕಿತ್ತು ಸುಡುವುದರಿಂದ ಬೀಜಕಣಗಳು ಹರಡುವುದು ತಪ್ಪುತ್ತದೆ, ಅಷ್ಟೆ. ರೋಗವು ಮರದಿಂದ ಮರಕ್ಕೆ ಸಾಗುವುದು ಮುಖ್ಯವಾಗಿ ಮಣ್ಣಿನಲ್ಲಿ, ಬೇರಿಗೆ ಬೇರು ತಾಗಿದಲ್ಲಿ. ಹಿಂದೆಂದೋ ಕಡಿದು ಬುಡ ಕೀಳದೆ ಬಿಟ್ಟ ಮೋಟುಗಳಲ್ಲಿ ಅದು ವರ್ಷಗಟ್ಟಲೆ ಬದುಕಿರುತ್ತದೆ. ಮರಳು ಮಿಶ್ರಿತ ನೆಲ, ಬೇಸಿಗೆಯ ಬರ, ಆರೈಕೆಯಿಲ್ಲದ ತೋಟ, ಇವು ಅದಕ್ಕೆ ಅನುಕೂಲ. ನಮ್ಮ ಸೀಮೆಯಲ್ಲಿ ಮೂರಕ್ಕೂ ಕೊರತೆಯಿಲ್ಲ.

ಭಾವನವರು ತಪ್ಪಿದುದು ನೀರು ಬಿಡುವ ಕ್ರಮದಲ್ಲಿ. ಅದು ಅವರೊಬ್ಬರ ತಪ್ಪೂ ಅಲ್ಲ, ನಮ್ಮ ಕಡೆಯ ಹಳೆಯ ಪದ್ಧತಿ. ಒಂದು ಮರದ ಪಾತಿ ತುಂಬಿ ಅದರಿಂದ ಮುಂದಿನ ಮರದ ಪಾತಿಗೆ ನೀರು ಹರಿಯುತ್ತದೆ. ಹೀಗೆ ಹರಿಯುವ ನೀರು ರೋಗವನ್ನೂ ಜೊತೆಗೆ ಕರೆದೊಯ್ಯುತ್ತದೆ. ತೋಟದೊಳಗೆ ಆಳವಾಗಿ ಉತ್ತು ಬೇರುಗಳನ್ನು ಗಾಯಗೊಳಿಸುವುದರಿಂದಲೂ ಇದೇ ಅನರ್ಥ.

ಇದರ ನಡುವೆ ಆ ಮನೆಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಹೇಳದೆ ವಿಧಿಯಿಲ್ಲ. ಅಕ್ಕನಿಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಸರಕಾರಿ ಆಸ್ಪತ್ರೆಯ ಮಾತ್ರೆ ನುಂಗುತ್ತಿದ್ದಳು. ಒಂದು ದಿನ ಊರಿನ ಯಾರದೋ ಮನೆಯ ಜಗಲಿಯಲ್ಲಿ ಸಭೆ ಸೇರಿತು. ಪಟ್ಟಣದಿಂದ ಬಂದ ಅಂಗಿಗೆ ಬಿಲ್ಲೆ ಸಿಕ್ಕಿಸಿಕೊಂಡ ಇಬ್ಬರು, ಚೀನದ ಚಕ್ರವರ್ತಿಗಳು ಸೇವಿಸುತ್ತಿದ್ದ ಅಣಬೆಯೊಂದರ ಪುಡಿಯನ್ನು ತೋರಿಸಿದರು. ಸಕ್ಕರೆ, ರಕ್ತದೊತ್ತಡ, ಕೀಲುನೋವು, ಅರ್ಬುದ, ಯಾವುದನ್ನೂ ಅವರು ಬಿಡಲಿಲ್ಲ. ಒಂದು ತಿಂಗಳ ಡಬ್ಬಿಗೆ ಎರಡು ಸಾವಿರಕ್ಕೂ ಮೇಲೆ. ಇನ್ನೂ ನಾಲ್ವರನ್ನು ಸೇರಿಸಿದರೆ ಕೊಂಡವರಿಗೂ ಆದಾಯ. ಮಾತ್ರೆಗಳಿಂದ ಮೂತ್ರಪಿಂಡ ಹಾಳಾಗುತ್ತದೆ, ಪುಡಿ ಆರಂಭಿಸಿದಮೇಲೆ ಅವನ್ನು ಬಿಡಬಹುದು ಎಂದರಂತೆ. ಅಕ್ಕ ಬಿಟ್ಟಳು.

ನಾನು ಹೋದಾಗ ಅವಳು ಡಬ್ಬಿಯನ್ನು ತಂದು ನನ್ನ ಮುಂದಿಟ್ಟು, ಅದರ ಮೇಲಿನ ಚಿತ್ರವನ್ನು ತೋರಿಸಿ ಕೇಳಿದಳು: "ನೋಡಪ್ಪಾ, ಡಬ್ಬಿಯ ಮೇಲಿರುವುದೂ ನಮ್ಮ ತೆಂಗಿನ ಬುಡದಲ್ಲಿರುವುದೂ ಒಂದೇ ಅಲ್ಲವೇನು? ಮನೆಯಲ್ಲೇ ಇರುವಾಗ ದುಡ್ಡು ಕೊಟ್ಟು ಏಕೆ ತರಬೇಕು? ಒಣಗಿಸಿ ಕುಟ್ಟಿಕೊಂಡರಾಯಿತು."

ಅವಳ ಕಣ್ಣು ಸೂಕ್ಷ್ಮವೇ ಸರಿ. ಚಿತ್ರದಲ್ಲಿದ್ದುದು ಗ್ಯಾನೊಡರ್ಮವೇ. ಚೀನದಲ್ಲಿ ಲಿಂಗ್ ಝೀ, ಜಪಾನಿನಲ್ಲಿ ರೇಯ್ಷಿ ಎಂದು ಅದಕ್ಕೆ ಹೆಸರು. ಪ್ರಾಚೀನ ಚೀನೀ ವೈದ್ಯಗ್ರಂಥಗಳಲ್ಲಿ ಉತ್ತಮ ಔಷಧಗಳ ಸಾಲಿನಲ್ಲಿ ಅದನ್ನು ಎಣಿಸಿದ್ದಾರೆ. ಈಗ ಕೊರಡುಗಳ ಮೇಲೂ ಮರದ ಹೊಟ್ಟಿನಲ್ಲಿಯೂ ಅಲ್ಲಿ ಬೇಸಾಯ ಮಾಡುತ್ತಾರೆ. ಆದರೆ ಕುಲ ಒಂದಾದ ಮಾತ್ರಕ್ಕೆ ಜಾತಿ ಒಂದಲ್ಲ. ಯುರೋಪಿನ ಅಣಬೆಗೂ ಚೀನದ ಅಣಬೆಗೂ ಒಂದೇ ಹೆಸರನ್ನು ಬಹುಕಾಲ ಬಳಸುತ್ತಿದ್ದ ವಿದ್ವಾಂಸರು, ಅವು ಬೇರೆಬೇರೆಯೆಂದು ಕಂಡು 2012ರಲ್ಲಿ ಚೀನದ್ದಕ್ಕೆ ಬೇರೆ ಹೆಸರನ್ನೇ ಇಟ್ಟರು. ನಮ್ಮ ತೆಂಗಿನ ಬುಡದ್ದು ಅದೇ ಎನ್ನಲು ಯಾವ ಆಧಾರವೂ ಇಲ್ಲ. ಅದರ ಮೇಲೆ, ತೋಟಕ್ಕೆ ಸುರಿದ ಔಷಧವನ್ನೆಲ್ಲ ಹೀರಿಕೊಂಡು ಬೆಳೆದ ವಸ್ತು ಅದು.

ಅದಕ್ಕಿಂತ ದೊಡ್ಡ ಪ್ರಶ್ನೆ, ಡಬ್ಬಿಯಲ್ಲಿರುವುದೇ ನಿಜವಾದ ಲಿಂಗ್ ಝೀ ಆಗಿದ್ದರೂ ಸಕ್ಕರೆಯನ್ನು ಇಳಿಸುತ್ತದೆಯೇ ಎಂಬುದು. ಇದನ್ನು ಪರೀಕ್ಷಿಸಿದವರಿದ್ದಾರೆ. ಲೋಕದ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯುಂಟು. ಅದರ 2015ರ ವಿಮರ್ಶೆಯಲ್ಲಿ, ಒಟ್ಟು 398 ಜನರ ಮೇಲೆ ನಡೆದ ಐದು ಪ್ರಯೋಗಗಳನ್ನು ಪರಿಶೀಲಿಸಿದ ಸಂಶೋಧಕರು, ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆಯಾಗಲಿ, ರಕ್ತದೊತ್ತಡವಾಗಲಿ, ಕೊಬ್ಬಾಗಲಿ ಇದರಿಂದ ಸುಧಾರಿಸುವುದೆಂಬುದಕ್ಕೆ ಆಧಾರ ಕಾಣಲಿಲ್ಲವೆಂದು ಬರೆದರು. ಅರ್ಬುದದ ವಿಷಯದಲ್ಲಿಯೂ, ಮುಖ್ಯ ಚಿಕಿತ್ಸೆಯಾಗಿ ಇದನ್ನು ನೆಚ್ಚುವುದಕ್ಕೆ ಆಧಾರ ಸಾಲದೆಂದೇ ಅದೇ ಸಂಸ್ಥೆಯ ಇನ್ನೊಂದು ವಿಮರ್ಶೆ ಹೇಳುತ್ತದೆ. ನಮ್ಮ ದೇಶದಲ್ಲಿ 1954ರ ಒಂದು ಕಾಯಿದೆಯುಂಟು. ಸಕ್ಕರೆ ಕಾಯಿಲೆ, ಅರ್ಬುದ ಮೊದಲಾದ ರೋಗಗಳನ್ನು ಗುಣಪಡಿಸುತ್ತೇವೆಂದು ಔಷಧಗಳ ಜಾಹೀರಾತು ಮಾಡುವುದನ್ನು ಅದು ನಿಷೇಧಿಸುತ್ತದೆ. ಡಬ್ಬಿಯ ಮೇಲೆ ಅಂಥ ಮಾತು ಒಂದೂ ಇರಲಿಲ್ಲ. ಮುದ್ರಿಸಲಾಗದ ಮಾತುಗಳನ್ನೆಲ್ಲ ಜಗಲಿಯ ಮೇಲೆ ಕುಳಿತು ಬಾಯಲ್ಲಿ ಹೇಳಿದ್ದರು.

ಅಕ್ಕನ ಎಡಗಾಲಿನ ಹೆಬ್ಬೆರಳಿನಲ್ಲಿ ಮುಳ್ಳು ಚುಚ್ಚಿದ ಗಾಯವೊಂದು ಆರು ವಾರಗಳಿಂದ ಮಾಯದೆ ಉಳಿದಿತ್ತು. ಅದನ್ನು ನೋಡಿದಮೇಲೆ ಅಣಬೆಯ ಚರ್ಚೆಯನ್ನು ನಿಲ್ಲಿಸಿ, ಮರುದಿನವೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆವು. ಸಕ್ಕರೆ ಬಹಳ ಏರಿತ್ತು. ಬೆರಳು ಉಳಿಯಿತು, ಉಗುರು ಹೋಯಿತು. ವೈದ್ಯರು ಇನ್ಸುಲಿನ್ ಆರಂಭಿಸಿದರು. ಇನ್ನೂ ಎರಡು ತಿಂಗಳು ಕಳೆದಿದ್ದರೆ ಏನಾಗುತ್ತಿತ್ತೆಂದು ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಈ ಮಾಸಪತ್ರಿಕೆಯನ್ನು ಮನೆಯ ಹೆಂಗಸರು ಓದುತ್ತಾರೆಂಬ ನಂಬಿಕೆಯಿಂದ ಇಷ್ಟನ್ನು ಬರೆದಿದ್ದೇನೆ: ಯಾರು ಏನನ್ನೇ ಮಾರಲಿ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಪುಡಿ ಕುಡಿದು ಕೆಟ್ಟವರಿಗಿಂತ ಮಾತ್ರೆ ಬಿಟ್ಟು ಕೆಟ್ಟವರು ಹೆಚ್ಚು.

ಅಣಬೆಯ ಮೇಲೆ ಮೋಹವಿರುವವರಿಗೆ ಬೇರೆ ದಾರಿಯುಂಟು. ಸತ್ತ ಮರದ ಮೇಲೆ ಬೆಳೆಯುವ ಇನ್ನೊಂದು ಅಣಬೆ ಚಿಪ್ಪಣಬೆ. ಇದು ಕೊಳೆಯಿಸುವುದು ನಮ್ಮ ತೋಟವನ್ನಲ್ಲ; ಭತ್ತದ ಹುಲ್ಲನ್ನು ಕೊಟ್ಟರೆ ಅದನ್ನೇ ಉಂಡು ಕೆಲವು ವಾರಗಳಲ್ಲಿ ಫಸಲು ಕೊಡುತ್ತದೆ. ನಮ್ಮ ದೇಶದಲ್ಲಿ ಭತ್ತದ ಹುಲ್ಲಿನ ಮೇಲೆ ಇದರ ಬೇಸಾಯವನ್ನು ಮಾಡಿ ತೋರಿಸಿದ್ದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ, 1962ರಲ್ಲಿ; ಜಕಿಯಾ ಬಾನೊ ಮತ್ತು ಎಚ್. ಸಿ. ಶ್ರೀವಾಸ್ತವ ಎಂಬುವರು. ಇಂದು ಪಟ್ಟಣದ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ಮಾರುವ ಚಿಪ್ಪಣಬೆಯ ಹಿಂದೆ ಆ ಕೆಲಸವಿದೆ. ಕಾಡಿನಿಂದಲೋ ಬದುವಿನಿಂದಲೋ ಗುರುತಿಲ್ಲದ ಅಣಬೆಯನ್ನು ಕಿತ್ತು ತಂದು ಬೇಯಿಸುವುದು ಮಾತ್ರ ಬೇಡ. ಬೆಳ್ಳಿಯ ಚಮಚ ಕಪ್ಪಾಗದಿದ್ದರೆ ವಿಷವಿಲ್ಲ, ಹುಳು ತಿಂದಿದ್ದರೆ ವಿಷವಿಲ್ಲ, ಬೆಳ್ಳುಳ್ಳಿ ಹಾಕಿ ಬೇಯಿಸಿದರೆ ತಿಳಿಯುತ್ತದೆ ಎಂಬಿವೆಲ್ಲ ಸುಳ್ಳು. ಜಾತಿಯನ್ನು ಖಚಿತವಾಗಿ ಬಲ್ಲವರು ಮಾತ್ರ ತಿನ್ನಬೇಕು, ಉಳಿದವರು ನೋಡಿ ಸಂತೋಷಪಡಬೇಕು.

ಇನ್ನು ತೋಟದ ವಿಷಯ. ತೆಂಗು ಅಡಕೆಗಳ ರೋಗಗಳಿಗೆ ಭಾರತದಲ್ಲಿ ಹಿರಿಯ ಸಂಸ್ಥೆಯೆಂದರೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯ. 1916ರಲ್ಲಿ ಮದರಾಸು ಸರಕಾರದ ತೆಂಗಿನ ಸಂಶೋಧನಾ ಕೇಂದ್ರವಾಗಿ ಅದು ಆರಂಭವಾಯಿತು. ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರ ನೆಲದಲ್ಲಿ ಅದು ಇರುವುದೆಂಬುದೊಂದು ಸಮಾಧಾನ. ಅಣಬೆ ರೋಗಕ್ಕೆ ಅಲ್ಲಿಯವರೂ ಕೃಷಿ ವಿಶ್ವವಿದ್ಯಾಲಯಗಳವರೂ ಹೇಳುವ ಕ್ರಮ ಹೆಚ್ಚುಕಡಿಮೆ ಒಂದೇ. ಸತ್ತ ಮರವನ್ನೂ ಉಳಿಯುವ ಆಸೆಯಿಲ್ಲದ ಮರವನ್ನೂ ಕಡಿದು, ಬುಡವನ್ನು ಬೇರುಸಮೇತ ಅಗೆದು ತೆಗೆದು ಅಲ್ಲಿಯೇ ಸುಡಬೇಕು. ಆರಂಭದ ಹಂತದಲ್ಲಿರುವ ಮರಗಳ ಸುತ್ತ ಮೂರಡಿ ಆಳದ ಕಾಲುವೆ ತೋಡಿ ಉಳಿದ ಮರಗಳ ಬೇರುಗಳಿಂದ ಬೇರ್ಪಡಿಸಬೇಕು. ಪ್ರತಿ ಮರಕ್ಕೂ ಬೇರೆ ಪಾತಿ, ಬೇರೆ ನೀರು. ವರ್ಷಕ್ಕೆ ಮರವೊಂದಕ್ಕೆ 5 ಕಿಲೋ ಬೇವಿನ ಹಿಂಡಿಯನ್ನು, ಅದರೊಡನೆ ಟ್ರೈಕೊಡರ್ಮ ಎಂಬ ಇನ್ನೊಂದು ಶಿಲೀಂಧ್ರವನ್ನು ಬೆರೆಸಿ, ಕೊಟ್ಟಿಗೆ ಗೊಬ್ಬರದ ಜೊತೆ ಪಾತಿಗೆ ಹಾಕಬೇಕು. ಟ್ರೈಕೊಡರ್ಮವು ಗ್ಯಾನೊಡರ್ಮದ ಎಳೆಗಳನ್ನೇ ತಿನ್ನುತ್ತದೆ. ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಉಪಾಯ. ಬುಡದ ಮಣ್ಣಿಗೆ ನೂರಕ್ಕೆ ಒಂದರ ಬೋರ್ಡೋ ದ್ರಾವಣ ಸುರಿಯುವುದೂ ಉಂಟು. ಇದಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕೆನಡಾದಿಂದ ಮೈಸೂರಿಗೆ ಬಂದ ಕೋಲ್ಮನ್ ಸಾಹೇಬರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಹೇಳಿಕೊಟ್ಟ ಅದೇ ದ್ರಾವಣ. ಬೇರಿನ ಮೂಲಕ ಉಣಿಸುವ ಔಷಧಗಳೂ ಇವೆ. ಅವುಗಳ ಪ್ರಮಾಣವನ್ನು ತೋಟಗಾರಿಕೆ ಇಲಾಖೆಯವರಿಂದಲೇ ಕೇಳಿ ತಿಳಿಯುವುದು ಲೇಸು, ಅಂಗಡಿಯವರಿಂದಲ್ಲ.

ಭಾವನವರು ಮೊದಲು ಒಪ್ಪಲಿಲ್ಲ. ತಂದೆ ನೆಟ್ಟ ಮರವನ್ನು ಹಸಿರು ಗರಿಯಿರುವಾಗಲೇ ಕಡಿಸುವುದು ಅವರಿಗೆ ಕಷ್ಟವಾಯಿತು. ಕಡಿದ ಮೊದಲ ಮರದ ಬುಡವನ್ನು ಸೀಳಿದಾಗ ಒಳಗೆಲ್ಲ ನೆನೆದ ಹತ್ತಿಯಂತೆ ಬಿಳಿಚಿ ಕುಸಿಯುವುದನ್ನು ಕಂಡಮೇಲೆ ಮಿಕ್ಕ ಐದನ್ನು ತಾವೇ ನಿಂತು ಕಡಿಸಿದರು. ಬುಡ ಕೀಳುವುದಕ್ಕೆ ಮರವೊಂದಕ್ಕೆ ಇಬ್ಬರು ಆಳು ಎರಡು ದಿನ ಹಾರೆ ಗುದ್ದಲಿ ಹಿಡಿದರು. ಗುಂಡಿಗಳಲ್ಲಿ ಮತ್ತೆ ತೆಂಗಿನ ಸಸಿ ಇಡುವುದು ಬೇಡವೆಂದು ಸದ್ಯಕ್ಕೆ ಬಾಳೆ ಇಟ್ಟಿದ್ದಾರೆ. ಪುಡಿಗೆ ಕೊಟ್ಟ ಹಣವನ್ನು ಹಿಂದಕ್ಕೆ ಕೇಳಲು ಅಕ್ಕ ಹೊರಟಿದ್ದಳು. ಬಿಲ್ಲೆಯ ಇಬ್ಬರೂ ಆ ಕಡೆ ಮತ್ತೆ ಬಂದಿಲ್ಲ. ಕಳೆದ ತಿಂಗಳು ನಾನು ಹೋದಾಗ ಕಾಲುವೆ ತೋಡಿದ ಎರಡು ಮರಗಳನ್ನು ನೋಡಿದೆ. ಒಂದರಲ್ಲಿ ರಸ ಸೋರುವುದು ನಿಂತಿರಲಿಲ್ಲ. ಇನ್ನೊಂದರ ಕಲೆ ಒಣಗಿ ಕಪ್ಪಾಗಿತ್ತು, ಸುಳಿಯಲ್ಲಿ ಒಂದು ಹೊಂಬಾಳೆಯಿತ್ತು.